ಕನ್ನಡಕದೊಳಗಿನ ಕಂಬ
ಮುಂಗಾರಿನ ಗಾಳಿಮಳೆಗೆ ಅರಕಲಗೂಡು ಕಡೆ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್‌ಗೆ ಮೊದಲು ಹೊಡೆಯುವುದು ಕರೆಂಟಲ್ಲ, ಜೇಬಿನ ಮೊಬೈಲು. ‘ಇನ್ನೂ ಎಷ್ಟೊತ್ತಣ್ಣಾ?’ ಈ ಅವಸರಕ್ಕೆ ಸಿಕ್ಕಿ, ಎಲ್‌ಸಿ (ಲೈನ್ ಕ್ಲಿಯರ್) ತಗೊಂಡಾಯ್ತಲ್ಲ ಎಂದು, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ಮಾಡದೆ ಕಂಬ ಹತ್ತುವುದುಂಟು. ಸ್ಟೇಷನ್ನಿನಲ್ಲಿ ಲೈನ್ ಆಫ್ ಆಗಿದ್ದರೂ, ಊರೊಳಗೆ ಯಾರೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಿದ್ದರೆ, ಅದರ 230 ವೋಲ್ಟು ಟಿಸಿಯೊಳಗೆ (ಟ್ರಾನ್ಸ್‌ಫಾರ್ಮರ್) ಹಿಮ್ಮುಖವಾಗಿ ಹರಿದು 11,000 ವೋಲ್ಟಾಗಿ ಮೇಲಿನ ತಂತಿಗೆ ಬರಬಹುದು. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸುವುದು ಸುಲಭ. ಎದೆ ಡವಡವ ಅನ್ನುವಾಗಲೂ ನೆನಪಾಗುವಂತೆ ಕಲಿಸುವುದೇ ಕಷ್ಟ. ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕಕ್ಕೆ ಕೆಲಸವಿರುವುದು ಅಲ್ಲಿ. ಕಣ್ಣೆದುರು ಕತ್ತಲೆ, ಮಳೆ, ಕಿವಿಯಲ್ಲಿ ಬೈಗುಳ. ತಪ್ಪಿದರೆ ಸಾವಿಲ್ಲ, ಮತ್ತೆ ಹತ್ತಬಹುದು. 1993ರಲ್ಲಿ ಹಬಲ್ ದೂರದರ್ಶಕದ ರಿಪೇರಿಗೆ ಹೊರಟ ನಾಸಾ ತಂಡದ ತರಬೇತಿಯಲ್ಲೂ ವಿಆರ್ ಇತ್ತು. 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಎಂಸಿಎಫ್) ಇರುವ ಹಾಸನದಲ್ಲಿ, ಎಂಟು ಮೀಟರ್ ಎತ್ತರದ ಕಂಬಕ್ಕೂ ಇಂಥದ್ದೊಂದು ಬೇಕೆಂದರೆ ಯಾರೂ ನಗಬಾರದು. ಒದ್ದೆ ಕಂಬದ ಜಾರಿಕೆ, ಸೊಂಟದ ಬೆಲ್ಟಿನ ಭಾರ ಕನ್ನಡಕದಲ್ಲಿ ಸಿಗುವುದಿಲ್ಲ, ಒಪ್ಪಿದೆ. ಅದಕ್ಕೆ ತರಬೇತಿಯ ಅಂಗಳದಲ್ಲಿ ನಿಜವಾದ ಕಂಬವನ್ನೇ ನೆಡಿ. ಆದರೆ ವಿಆರ್ ಪಾಠ ಬರೆಯುವವರು ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂರದೆ, ಚನ್ನರಾಯಪಟ್ಟಣದ ತೆಂಗಿನ ತೋಟದವರು, ಹೊಳೆನರಸೀಪುರದ ಗಿರಣಿಯವರು ಕರೆಂಟು ಹೋದಾಗ ಹೇಗೆ ರೇಗುತ್ತಾರೆಂದು ಕೇಳಿಸಿಕೊಂಡು ಆ ದನಿಗಳನ್ನೇ ಒಳಗೆ ತುಂಬಲಿ. ಜನರೇಟರ್ ಇಟ್ಟುಕೊಂಡವರಿಗೂ ಒಮ್ಮೆ ಆ ಕನ್ನಡಕ ತೊಡಿಸಿ, ಕಂಬದ ತುದಿಗೆ ಹತ್ತಿಸಿದರೆ ಇನ್ನೂ ಒಳ್ಳೆಯದು.