ಕೊಳವೆ ಹಾಕಿದ ಮೇಲೂ ಕಣ್ಣಿನ ಒತ್ತಡ ಏರಿದರೆ



ಗ್ಲಾಕೋಮಾಕ್ಕೆ ಕೊಳವೆ ಹಾಕಿಸಿ ಒಂದು ತಿಂಗಳಾಗಿರುತ್ತದೆ. ಚೆಕಪ್‌ಗೆ ಹೋದಾಗ ಒತ್ತಡ ಮತ್ತೆ ಏರಿದೆ ಎನ್ನುತ್ತಾರೆ. ಆಪರೇಷನ್ ಕೆಟ್ಟಿತೇ ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಬಹಳ ಸಲ ಹಾಗೇನೂ ಆಗಿರುವುದಿಲ್ಲ. ಆದರೆ ಆ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು.

ಕಣ್ಣಿನೊಳಗೆ ತಿಳಿನೀರಿನಂಥ ದ್ರವ ಸದಾ ಹುಟ್ಟಿ ಹೊರಗೆ ಹರಿಯುತ್ತಿರುತ್ತದೆ. ಆ ದಾರಿ ಕಟ್ಟಿದರೆ ಒತ್ತಡ ಏರಿ ನೋಟದ ನರ ಹಾಳಾಗುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಡ್ರಾಪ್ಸ್‌ಗೆ ಬಗ್ಗದಿದ್ದಾಗ ವೈದ್ಯರು ಕಣ್ಣಿನೊಳಗೆ ಸಣ್ಣ ಕೊಳವೆ ಇಟ್ಟು, ಅದರ ಇನ್ನೊಂದು ತುದಿಯ ತಟ್ಟೆಯನ್ನು ಕಣ್ಣಿನ ಬಿಳಿಭಾಗದ ಮೇಲೆ ಹೊಲಿಯುತ್ತಾರೆ. ನೀರು ಅಲ್ಲಿಗೆ ಹರಿದು ಇಂಗುತ್ತದೆ.

ಪೊಳ್ಳಾಚಿ ಕಡೆಯವರಿಗೆ ಇದು ದೂರದ ಮಾತಲ್ಲ. ಸುಮಾರು 40 ಕಿ.ಮೀ. ಆಚೆ ಕೊಯಮತ್ತೂರಿನಲ್ಲಿ 1997ರಿಂದ ಅರವಿಂದ ಕಣ್ಣಿನ ಆಸ್ಪತ್ರೆ ಇದೆ. ಅದೇ ಬಳಗದ ಮಧುರೈನ ಆರೋಲ್ಯಾಬ್ 2013ರಲ್ಲಿ ಕಡಿಮೆ ಬೆಲೆಯ 'ಆದಿ' ಕೊಳವೆಯನ್ನು ಹೊರತಂದಿತು. ಇದಕ್ಕೆ ಕವಾಟವಿಲ್ಲ. ನೀರು ಒಮ್ಮೆಲೇ ಹರಿದರೆ ಕಣ್ಣಿಗೆ ಅಪಾಯವೆಂದು ವೈದ್ಯರೇ ಅದನ್ನು ಕರಗುವ ದಾರದಿಂದ ಕಟ್ಟಿರುತ್ತಾರೆ. ದಾರ ಕರಗಲು ಸುಮಾರು 5-6 ವಾರ ಬೇಕು. ಅಲ್ಲಿಯವರೆಗೆ ಒತ್ತಡ ಹೆಚ್ಚಿರಬಹುದೆಂದೇ ಡ್ರಾಪ್ಸ್ ಮುಂದುವರಿಸಲು ಹೇಳುತ್ತಾರೆ.

ಕವಾಟವಿರುವ 'ಅಹ್ಮದ್' ಕೊಳವೆಯಲ್ಲಿ ಒತ್ತಡ ಮೊದಲು ಇಳಿಯುತ್ತದೆ, ಕೆಲವು ವಾರಗಳಾದ ಮೇಲೆ ಏರಬಹುದು. ತಟ್ಟೆಯ ಸುತ್ತ ದೇಹವೇ ದಪ್ಪ ಪೊರೆ ಕಟ್ಟುವುದು ಇದಕ್ಕೆ ಕಾರಣ. ತೆಂಗಿನ ಬುಡದ ಪಾತಿಯ ಮಣ್ಣು ಗಟ್ಟಿಯಾದರೆ ನೀರು ಇಂಗದೆ ನಿಲ್ಲುತ್ತದಲ್ಲ, ಹಾಗೆ. ಕೆಲವರಿಗೆ ಕೆಲವು ತಿಂಗಳಲ್ಲಿ ಇದು ಸರಿಹೋಗುತ್ತದೆ. ಕೆಲವರಿಗೆ ಡ್ರಾಪ್ಸ್ ಮುಂದುವರಿಯಬೇಕಾಗುತ್ತದೆ, ಕೆಲವರಿಗೆ ಬೇರೆ ಚಿಕಿತ್ಸೆಯೂ ಬೇಕಾಗಬಹುದು. ಆಪರೇಷನ್ ನಂತರ ಕೊಡುವ ಸ್ಟೀರಾಯ್ಡ್ ಡ್ರಾಪ್ಸ್‌ನಿಂದಲೂ ಕೆಲವರಿಗೆ ಒತ್ತಡ ಏರುವುದುಂಟು. ಆದರೂ ಅದನ್ನು ನಾವೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಕಡಿಮೆ ಮಾಡಬೇಕು.

ಒತ್ತಡ ಏರಿದಾಗ ನೋವು ಕಾಣಿಸದೆಯೂ ಇರಬಹುದು. ಗ್ಲಾಕೋಮಾದಿಂದ ಒಮ್ಮೆ ಹೋದ ನೋಟ ಹಿಂದೆ ಬರುವುದಿಲ್ಲ. ಆದ್ದರಿಂದ ಹೇಳಿದ ತಾರೀಖಿಗೆ ಚೆಕಪ್ ತಪ್ಪಿಸಬಾರದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡೋಣ. ಕಣ್ಣು ನೋವು, ಕೆಂಪು, ನೋಟ ಮಂಜಾಗುವುದು, ತಲೆನೋವಿನೊಡನೆ ವಾಂತಿ, ಇವುಗಳಲ್ಲಿ ಯಾವುದಾದರೂ ಕಂಡರೆ ತಾರೀಖಿಗೆ ಕಾಯದೆ ಅಂದೇ ಹೋಗಬೇಕು.

ಮನೆಯ ಹಿರಿಯರು ಮಕ್ಕಳಿಗೆ ಹೊರೆಯಾಗಬಾರದೆಂದು, "ನನಗೆ ಚೆನ್ನಾಗಿಯೇ ಕಾಣುತ್ತದಪ್ಪಾ, ಬಸ್ ಚಾರ್ಜು ಯಾಕೆ ದಂಡ?" ಎನ್ನುತ್ತಾರೆ. ಆ ಮಾತನ್ನು ನಂಬಿ ಸುಮ್ಮನಿರಬೇಡಿ. ಒಂದು ದಿನದ ಕೆಲಸ ಬಿಟ್ಟಾದರೂ ನೀವೇ ಜೊತೆಗೆ ಹೋಗಿ ಬನ್ನಿ.