ಹಾಲು ಉಕ್ಕೂದ್ರೊಳಗ

ನಮ್ಮ ಹಳೇ ಲ್ಯಾಪ್‌ಟಾಪಿನ ಸ್ಪೀಡ್ ನಾ ಗಡಿಯಾರ ನೋಡಿ ಅಳಿಯೂದಿಲ್ಲ. ಗುಂಡಿ ಒತ್ತಿ, ಅಡಗಿಮನಿಗೆ ಹೋಗಿ ಅರ್ಧ ಲೀಟರ್ ಹಾಲು ಒಲಿ ಮ್ಯಾಲ ಇಡ್ತೀನಿ. ಹೋದ ವರ್ಷ ಹಾಲು ಉಕ್ಕಿ, ಕಟ್ಟಿ ಒರಸಿ, ಎಲ್ಲಾರಿಗೂ ಚಹಾ ಕೊಟ್ಟು ಬಂದರೂ ಪರದೆ ಮ್ಯಾಲ ಗುಂಡಗ ತಿರಗಾಡೂದು ನಿಂತಿರತಿದ್ದಿಲ್ಲ.

ಅಂಗಡಿಯಾಂವ, "ಅಕ್ಕಾರ, ಇದನ್ನ ಬಿಡ್ರಿ, ಹೊಸಾದು ತಗೋರಿ, ಗಿಗಾಹರ್ಟ್ಸ್ ಜಾಸ್ತಿ ಅದ" ಅಂದ. ಹಂಗಂದ್ರ ಏನಪಾ ಅಂದ್ರ "ಸ್ಪೀಡ್ ರೀ" ಅಷ್ಟ. ದೀಪಾವಳಿಗಂತ ಕೂಡಿಟ್ಟ ರೊಕ್ಕಾ ಕೊಟ್ಟೇ ಬಿಡತಿದ್ದೆ. ಬಂಗಾರದ ಅಂಗಡ್ಯಾಗ ಗುಂಜಿ ಗುಂಜಿ ಲೆಕ್ಕಾ ಕೇಳೂ ನಾವು ಇಲ್ಲಿ ಯಾಕ ಬಾಯಿ ಮುಚ್ಚಿಕೊಂಡು ನಿಂದರತೀವೋ!

ತಂಗಿ ಮಗಾ ತಿಳಿಸಿ ಹೇಳಿದ. 2.4 ಗಿಗಾಹರ್ಟ್ಸ್ ಅಂದ್ರ ಸೆಕೆಂಡಿಗೆ 240 ಕೋಟಿ ತಾಳ. ಆದ್ರ ಒಂದು ತಾಳಕ್ಕ ಎಷ್ಟು ಕೆಲಸಾ ಅನ್ನೂದು ಒಂದೊಂದು ಚಿಪ್ಪಿಗೆ ಒಂದೊಂದು ಥರ. ಬೀಸುಕಲ್ಲು ಎಷ್ಟು ಸುತ್ತು ತಿರುಗಿತು ಅಂತ ಎಣಿಸಿದ್ರ ಹಿಟ್ಟು ಎಷ್ಟು ಬಿತ್ತು ಅಂತ ಗೊತ್ತಾಗ್ತದೇನ್ರಿ? 2001ರಾಗ ಎಎಮ್‌ಡಿ ಕಂಪನಿ ಒಂದು ಚಿಪ್ಪಿಗೆ ಅಥ್ಲಾನ್ ಎಕ್ಸ್‌ಪಿ 1800+ ಅಂತ ಹೆಸರಿಟ್ಟಿತ್ತು. ಓಡೂದು ಮಾತ್ರ 1.53 ಗಿಗಾಹರ್ಟ್ಸ್. ಬರೇ ತಾಳಾ ಎಣಿಸಬ್ಯಾಡ್ರಿ, ಕೆಲಸಾ ನೋಡ್ರಿ ಅಂತ ಅವರ ವಾದ.

ಇನ್ನೊಂದು ಕೇಳಿ ನನಗ ನಕ್ಕು ನಕ್ಕು ಸಾಕಾತು. ಲಿನಕ್ಸ್‌ನಾಗ ಬೋಗೋಮಿಪ್ಸ್ ಅಂತ ಒಂದು ಅಳತಿ ಅದ. ಬೋಗೋ ಅಂದ್ರ ಬೋಗಸ್ಸೇ! ಚಾಲೂ ಆಗೂಮುಂದ ಚಿಪ್ಪು ಸುಮ್ಮನ ಖಾಲಿ ಸುತ್ತು ಹಾಕ್ತದ, ಆ ಲೆಕ್ಕಾ ಅದು. ಸೆಕೆಂಡಿನ್ಯಾಗ ಎಷ್ಟು ದಶಲಕ್ಷ ಸಲ ಏನೂ ಮಾಡಲಾರದ ಇರಬಹುದು ಅನ್ನೂದಕ್ಕ ಇದು ಅಳತಿ ಅಂತ ಬಲ್ಲವರೇ ಚಾಷ್ಟಿ ಮಾಡ್ತಾರಂತ. ನಮ್ಮನಿಯವರು ಪೇಪರ್ ಹಿಡಕೊಂಡು ಆರಾಮ ಕುರ್ಚಿ ಮ್ಯಾಲ ಕೂತ್ರ ಯಾವ ಚಿಪ್ಪೂ ಅವರ ಮುಂದ ನಿಲ್ಲೂದಿಲ್ಲ ಬಿಡ್ರಿ.

ನಮ್ಮದರಾಗ ಚಿಪ್ಪಿಂದೇನೂ ತಪ್ಪಿದ್ದಿಲ್ಲ. ಒಳಗ ತಿರುಗೂ ಹಾರ್ಡ್ ಡಿಸ್ಕ್ ಇತ್ತು, ಮುದುಕಿ ಕನ್ನಡಕಾ ಹುಡುಕಿಧಂಗ ಎಲ್ಲಾ ಹುಡುಕಿ ಹುಡುಕಿ ತರತಿತ್ತು. ಅದನ್ನ ತಗದು ಎಸ್‌ಎಸ್‌ಡಿ ಹಾಕಿಸಿದ್ವಿ. ಹೊಸಾ ಲ್ಯಾಪ್‌ಟಾಪಿನ ಹತ್ತರಾಗ ಒಂದು ಪಾಲೂ ಖರ್ಚಾಗಲಿಲ್ಲ. ಗಿಗಾಹರ್ಟ್ಸ್ ಮೊದಲಿಂದು ಎಷ್ಟೋ ಈಗೂ ಅಷ್ಟ.

ನೀವು ಹೊಸಾದು ತಗೊಳ್ಳೂದಿದ್ರ ನಿಮ್ಮ ಫೋಟೋ, ನಿಮ್ಮ ಫೈಲು ಪೆನ್‌ಡ್ರೈವಿನ್ಯಾಗ ಒಯ್ದು ಅಂಗಡ್ಯಾಗ ತಗಸಿ ನೋಡ್ರಿ. ಅಂವಾ ಮಾರಿ ಸಣ್ಣದು ಮಾಡಿದ್ರ ಮಾಡವಲ್ನ್ಯಾಕ.

ಈಗ ಹಾಲು ಬೆಚ್ಚಗಾಗೂದ್ರೊಳಗ ಪರದೆ ಬಂದಿರ್ತದ. ಆದ್ರ ಹಾಲು ಉಕ್ಕೂದು ತಪ್ಪಿಲ್ಲ, ನಾ ಇತ್ಲಾಗ ಬರಕೋತ ಕೂತಿರ್ತೀನಲ್ಲ.