ಗೋಡೆಯ ಚಿತ್ರವೂ ಸೈನಿಕನ ಸ್ಥೈರ್ಯವೂ

ನಮ್ಮ ಬಸದಿಯ ಕಬ್ಬಿಣದ ಗೇಟಿನ ಕೆಲಸಕ್ಕಾಗಿ ಪೀಣ್ಯದ ಒಂದು ವೆಲ್ಡಿಂಗ್ ಶೆಡ್ಡಿಗೆ ಹೋಗಿದ್ದೆ. ಗೋಡೆಯ ಮೇಲೆ ಅರೆಬರೆ ಉಡುಗೆಯ ತರುಣಿಯೊಬ್ಬಳ ಕ್ಯಾಲೆಂಡರ್ ತೂಗುತ್ತಿತ್ತು. ಇದು ಹೊಸತಲ್ಲ, ಇಂಥದನ್ನು ಕಂಡಾಗ ಕಣ್ಣು ಹೊರಳಿಸಿ ಮುಂದೆ ಸಾಗುವ ಅಭ್ಯಾಸ ನಮಗೆಲ್ಲ ಆಗಿಹೋಗಿದೆ. ಅಂದು ನನ್ನನ್ನು ತಡೆದು ನಿಲ್ಲಿಸಿದ್ದು ಚಿತ್ರವಲ್ಲ, ಅದರ ಕೆಳಗೆ ಅಚ್ಚಾಗಿದ್ದ ಅಂಗಡಿಯ ಹೆಸರು. ದಶಲಕ್ಷಣ ಪರ್ವದ ಹತ್ತನೆಯ ದಿನ ಉತ್ತಮ ಬ್ರಹ್ಮಚರ್ಯದ ಪ್ರವಚನವನ್ನು ನನ್ನ ಪಕ್ಕದಲ್ಲೇ ಕುಳಿತು ಆಲಿಸಿದ ಶ್ರಾವಕರೊಬ್ಬರ ಅಂಗಡಿ ಅದು.

ಮರುವಾರ ಅವರನ್ನು ಕಂಡು ವಿನಯದಿಂದಲೇ ವಿಷಯವನ್ನು ಪ್ರಸ್ತಾಪಿಸಿದೆ. ಅವರು ನಕ್ಕರು. “ಮೇಷ್ಟ್ರೇ, ದಿನವಿಡೀ ಕಬ್ಬಿಣದ ಜೊತೆ ಗುದ್ದಾಡೋ ಹುಡುಗರು ಅವರು. ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವೇ ಇಂಥ ಚಿತ್ರಗಳನ್ನ ಬೇಡ ಅನ್ನಲಿಲ್ಲ. ಸೈನಿಕರಿಗೆ ಹುರುಪು ಬರ್ತಿತ್ತಂತೆ. ಇವರಿಗೂ ಬರಲಿ ಬಿಡಿ” ಎಂದರು. ಓದಿಕೊಂಡವರು, ಉತ್ತರ ಸಿದ್ಧವಾಗಿಯೇ ಇತ್ತು. ಅಂದು ನಾನು ಸುಮ್ಮನಾದೆ. ಆ ಉತ್ತರವನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಅವರು ಹೇಳಿದ ಇತಿಹಾಸ ದೂರದ್ದೇನೂ ಅಲ್ಲ, ನಮ್ಮ ಊರಿನ ಅಂಗಳದ್ದು. ಸೊಲ್ಲಾಪುರದ ಜೈನ ಮನೆತನದಲ್ಲಿ ಜನಿಸಿದ ವಾಲಚಂದ್ ಹಿರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಅವರ ಪಾಲನ್ನು ಸರ್ಕಾರ ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ನಿರ್ವಹಣೆಗೆ ಒಳಪಟ್ಟು, ಚೀನಾ, ಬರ್ಮಾ ಮತ್ತು ಭಾರತದ ರಣರಂಗದಲ್ಲಿ ಹಾರುತ್ತಿದ್ದ ವಿಮಾನಗಳ ದುರಸ್ತಿಯ ಕೇಂದ್ರವಾಯಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ದುರಸ್ತಿಗೆಂದು ಬಂದು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. (ಈಗ ಅದರ ಸುತ್ತ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳೆದ್ದಿವೆ, ಕೆರೆ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ನೊರೆಗಾಗಿ.)

ಆ ರಣರಂಗದ ಅಮೆರಿಕನ್ ಬಾಂಬರುಗಳ ಮೂತಿಯ ಮೇಲೆ ಸ್ತ್ರೀಚಿತ್ರಗಳಿರುವುದು ಸಾಮಾನ್ಯವಾಗಿತ್ತು. ಗುಂಡುಸೂಜಿಯಿಂದ ಗೋಡೆಗೆ ಚುಚ್ಚುವ ಚಿತ್ರವಾದ್ದರಿಂದ ಅದಕ್ಕೆ ‘ಪಿನ್‌ಅಪ್’ ಎಂಬ ಹೆಸರು ಬಂದಿತು. ‘ಎಸ್ಕ್ವೈರ್’ ಪತ್ರಿಕೆಗಾಗಿ ಜಾರ್ಜ್ ಪೆಟ್ಟಿ ರಚಿಸಿದ ಚಿತ್ರವೊಂದು ‘ಮೆಂಫಿಸ್ ಬೆಲ್’ ಎಂಬ ಬಾಂಬರನ್ನು ಏರಿತು. ನಟಿ ಬೆಟ್ಟಿ ಗ್ರೇಬಲ್ ಈಜುಡುಗೆಯಲ್ಲಿ ಹಿಂದಿರುಗಿ ನೋಡುವ ಭಾವಚಿತ್ರದ ಲಕ್ಷಾಂತರ ಪ್ರತಿಗಳು ಸೈನಿಕರ ಕೈಸೇರಿದವು. ಆದರೆ ಅಮೆರಿಕವು ಇದನ್ನು ಒಮ್ಮನಸ್ಸಿನಿಂದ ಒಪ್ಪಿತ್ತೆಂದು ತಿಳಿಯಬಾರದು. 1943ರಲ್ಲಿ ಅಲ್ಲಿನ ಅಂಚೆ ಇಲಾಖೆಯೇ ‘ಎಸ್ಕ್ವೈರ್’ ಪತ್ರಿಕೆಯ ಅಂಚೆ ರಿಯಾಯಿತಿಯನ್ನು ರದ್ದುಪಡಿಸಲು ಹೊರಟಿತು. 1946ರಲ್ಲಿ ಸುಪ್ರೀಂ ಕೋರ್ಟು ಪತ್ರಿಕೆಯ ಪರವಾಗಿ ತೀರ್ಪಿತ್ತಿತು, ನಿಜ. ಆದರೆ ಆ ತೀರ್ಪು ಅಂಚೆ ಇಲಾಖೆಯ ಅಧಿಕಾರದ ಮಿತಿಯನ್ನು ಕುರಿತದ್ದು, ಚಿತ್ರಗಳ ಗುಣವನ್ನು ಕುರಿತದ್ದಲ್ಲ.

ಇನ್ನು ಆ ‘ಹುರುಪಿನ’ ಮಾತು. ಇದನ್ನು ಸಾರುವವರು ಹೇಳದೆ ಬಿಡುವ ಸಂಗತಿಯೊಂದಿದೆ. ಅದೇ ಯುದ್ಧದಲ್ಲಿ ಶತ್ರುಪಕ್ಷವೂ ಇದೇ ಬಗೆಯ ಚಿತ್ರಗಳನ್ನು ಅಚ್ಚುಹಾಕಿಸಿತು. ಇಟಲಿಯ ರಣರಂಗದಲ್ಲಿ ಜರ್ಮನರು, ಪೆಸಿಫಿಕ್ ಭಾಗದಲ್ಲಿ ಜಪಾನೀಯರು ಅರೆನಗ್ನ ಸ್ತ್ರೀಯರ ಚಿತ್ರವಿದ್ದ ಕರಪತ್ರಗಳನ್ನು ಎದುರಾಳಿ ಸೈನಿಕರ ನಡುವೆ ಉದುರಿಸಿದರು. ನೀನು ಇಲ್ಲಿ ಕೆಸರಿನಲ್ಲಿ ಸಾಯುತ್ತಿರುವೆ, ನಿನ್ನ ಮಡದಿ ಅಲ್ಲಿ ಬೇರೊಬ್ಬನ ಜೊತೆಗಿದ್ದಾಳೆ ಎಂಬುದು ಅವುಗಳ ತಾತ್ಪರ್ಯ. ಒಬ್ಬ ಸೇನಾಧಿಕಾರಿ ಸ್ಥೈರ್ಯ ಬೆಳೆಯಲೆಂದು ಗೋಡೆಯ ಮೇಲೆ ಬಿಟ್ಟ ಚಿತ್ರವನ್ನೇ ಇನ್ನೊಬ್ಬನು ಸ್ಥೈರ್ಯ ಕುಸಿಯಲೆಂದು ಆಕಾಶದಿಂದ ಸುರಿದನು! ಸ್ಥೈರ್ಯವನ್ನು ಕೊಡುವ ಗುಣ ಆ ಚಿತ್ರದಲ್ಲಿಯೇ ಇದ್ದಿದ್ದರೆ ಶತ್ರುವು ತನ್ನ ಖರ್ಚಿನಲ್ಲಿ ಅದನ್ನು ಹಂಚುತ್ತಿದ್ದನೇ? ಅದು ಮಾಡುವುದು ಒಂದೇ ಕೆಲಸ, ಮನಸ್ಸನ್ನು ಕದಡುವುದು. ಕದಡಿದ ಮನಸ್ಸನ್ನು ಯಾರು ಬೇಕಾದರೂ ತಮಗೆ ಬೇಕಾದತ್ತ ಹರಿಸಿಕೊಳ್ಳಬಹುದು.

ಇಂಗ್ಲಿಷಿನ ‘ಮೊರೇಲ್’ ಶಬ್ದಕ್ಕೆ ನಮ್ಮ ಪತ್ರಿಕೆಗಳು ‘ನೈತಿಕ ಸ್ಥೈರ್ಯ’ ಎಂದು ಬರೆಯುತ್ತವೆ. ಈ ಪ್ರಕರಣದಲ್ಲಿ ನೀತಿಯೂ ಇಲ್ಲ, ಸ್ಥಿರತೆಯೂ ಇಲ್ಲ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಇಪ್ಪತ್ತರ ಹರೆಯದ ಹುಡುಗರಿಗೆ ಅದರಿಂದ ಕ್ಷಣಕಾಲದ ಮೈಮರೆವು ದೊರೆಯಿತೆಂಬುದನ್ನು ನಾನು ಅಲ್ಲಗಳೆಯೆ. ಅವರ ಒಂಟಿತನವನ್ನು ಹಳಿಯುವ ಅಧಿಕಾರವೂ ನಮಗಿಲ್ಲ. ತಮ್ಮಿಚ್ಛೆಯಿಂದ ಕ್ಯಾಮೆರಾದ ಮುಂದೆ ನಿಂತ ನಟಿಯರನ್ನು ದೂಷಿಸುವುದೂ ನನ್ನ ಉದ್ದೇಶವಲ್ಲ. ಆದರೆ ಹೀಗೆ ಹೊರಟ ಬಿಂಬ ಎಲ್ಲಿಗೆ ಹೋಗಿ ನಿಂತಿತು? 1946ರ ಜುಲೈ 1ರಂದು ಬಿಕಿನಿ ದ್ವೀಪಗಳಲ್ಲಿ ಪರೀಕ್ಷಾರ್ಥವಾಗಿ ಸಿಡಿಸಿದ ಅಣುಬಾಂಬಿನ ಮೇಲೆ ನಟಿ ರೀಟಾ ಹೇವರ್ತ್‌ರ ಚಿತ್ರವನ್ನು ಅಂಟಿಸಿ, ಆಕೆ ನಟಿಸಿದ ಪಾತ್ರವಾದ ‘ಗಿಲ್ಡಾ’ ಎಂಬ ಹೆಸರನ್ನು ಬರೆದರು. ಆಕೆಯ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಸುದ್ದಿ ತಿಳಿದು ಆಕೆ ಕೋಪದಿಂದ ಕುದಿದರೆಂದು ಆಕೆಯ ಅಂದಿನ ಪತಿ ಆರ್ಸನ್ ವೆಲ್ಸ್ ಮುಂದೆ ಹೇಳಿದ್ದಾರೆ. ಗೋಡೆಯ ಮೇಲಿದ್ದಾಗ ನಿರುಪದ್ರವಿ ಮನರಂಜನೆ ಎನಿಸಿಕೊಂಡದ್ದು, ಕೊಲ್ಲುವ ಯಂತ್ರಕ್ಕೆ ತಮಾಷೆಯ ಮುಖವಾಡವಾಯಿತು.

ಅಹಿಂಸಾವಾದಿಗಳಾದ ನಮಗೆ ಸೈನಿಕರ ಸ್ಥೈರ್ಯದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಗೃಹಸ್ಥನಿಗೆ ಅನಿವಾರ್ಯವಾಗಬಹುದಾದ ವಿರೋಧಿ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪ ಹಿಂಸೆಯಿಂದ ಬೇರ್ಪಡಿಸಿಯೇ ವಿವೇಚಿಸಿದ್ದಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಅವನ ಪಡೆಗೆ ಸ್ಥೈರ್ಯ ಬೇಕಿರಲಿಲ್ಲವೇ? ಆಯುಧ ಹಿಡಿದವನ ಚಿತ್ತವು ಉಳಿದವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವನು ಬಲ್ಲವನಾಗಿರಬೇಕು. ಮೈಮರೆಸುವ ವಸ್ತುವಿನಿಂದ ಆ ಎಚ್ಚರ ಬಾರದು.

ಮತ್ತೆ ಪೀಣ್ಯದ ಶೆಡ್ಡಿಗೆ ಬರೋಣ. ಅಲ್ಲಿ ಯಾವ ಯುದ್ಧವೂ ನಡೆಯುತ್ತಿಲ್ಲ. ಹುಡುಗರ ಆಯಾಸಕ್ಕೆ ಬೇಕಾದುದು ಸರಿಯಾದ ಗಾಳಿ, ಕಣ್ಣಿಗೆ ಕಿಡಿ ಹಾರದಂತೆ ಕನ್ನಡಕ, ಓವರ್‌ಟೈಮಿಗೆ ತಕ್ಕ ಕೂಲಿ. ಇವಕ್ಕೆ ಹಣ ಬೇಕು, ಕ್ಯಾಲೆಂಡರು ಪುಕ್ಕಟೆ. ಆ ಶೆಡ್ಡಿನಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಮೇಜು ಕಿಟಕಿಯ ಬೆಳಕಿಗೆ ವಿಮುಖವಾಗಿ, ಮೂಲೆಯ ಕತ್ತಲಿಗೆ ತಿರುಗಿತ್ತು. ಏಕೆಂದು ಮೊದಲು ತಿಳಿಯಲಿಲ್ಲ. ಕುರ್ಚಿಯಲ್ಲಿ ಕುಳಿತರೆ ಕ್ಯಾಲೆಂಡರು ಬೆನ್ನ ಹಿಂದೆ ಬೀಳುವುದು ಆ ಒಂದು ದಿಕ್ಕಿನಲ್ಲಿ ಮಾತ್ರ. ಅವಳ ಸ್ಥೈರ್ಯದ ಮಾತನ್ನು ನಮ್ಮ ಶ್ರಾವಕ ಮಿತ್ರರು ಎತ್ತಲಿಲ್ಲ.

ಈಗ ಇಂತಹ ಚಿತ್ರಗಳು ಬಹುಪಾಲು ಕೈಯ ಫೋನಿಗೆ ಇಳಿದಿವೆ. ಗೋಡೆಯಿಂದ ತೆಗೆದರೇನು ಬಂತು ಎಂಬ ವಾದವನ್ನೂ ಕೇಳಿದ್ದೇನೆ. ಫೋನಿನ ಚಿತ್ರದ ಕೆಳಗೆ ನಮ್ಮ ಅಂಗಡಿಯ ಹೆಸರಿರುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಶಿವಕಾಶಿಯ ಮುದ್ರಕರ ಮಾದರಿ ಪುಸ್ತಕಗಳು ನಮ್ಮ ಅಂಗಡಿಗಳಿಗೆ ಬರುತ್ತವೆ. ಅದರಲ್ಲಿ ಬೆಟ್ಟ, ಹೊಳೆ, ಹೂವು, ಕ್ಷೇತ್ರಗಳ ಚಿತ್ರಗಳೂ ಇರುತ್ತವೆ. ಬಸದಿಯ ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಲು ಹೋಗುವ ಟ್ರಸ್ಟಿನ ಪದಾಧಿಕಾರಿಗಳು ಈ ವರ್ಷ ಆ ಅಂಗಡಿಯ ಕ್ಯಾಲೆಂಡರನ್ನೂ ಒಮ್ಮೆ ಕೇಳಿ ನೋಡಲಿ.